ಕಿಟ್ ಕಾರ್ ಮಾರಿದ ಅನುಭವ: ಕಮಿಷನ್ ಡೀಲರ್‌ಗೆ ಎರಡು ಸ್ಟಾರ್, ಆನ್‌ಲೈನ್ ಹರಾಜಿಗೆ ಮೂರೂವರೆ, ಓನರ್ಸ್ ಕ್ಲಬ್‌ಗೆ ನಾಲ್ಕೂವರೆ

ಕಂಪನಿ ಬಿಡಿ ಭಾಗಗಳಾಗಿ ಕಳಿಸಿ, ನಾವೇ ಜೋಡಿಸಿಕೊಳ್ಳೋ ಕಾರಿಗೆ ಕಿಟ್ ಕಾರ್ ಅಂತಾರೆ. ಹಂಗೆ ಮನೇಲಿ ಜೋಡಿಸಿದ ಒಂದು ಕಿಟ್ ಕಾರ್ ಮಾರೋಕೆ ನಾವು ಮೂರು ಸರ್ವೀಸ್ ಬಳಸಿದ್ವಿ, ಮೂರರ ರಿವ್ಯೂನೂ ಇಲ್ಲೇ ಒಟ್ಟಿಗೆ ಹಾಕ್ತಿದೀನಿ, ಯಾಕಂದ್ರೆ ಒಂದರ ಯೋಗ್ಯತೆ ಇನ್ನೊಂದನ್ನ ನೋಡಿದ್ಮೇಲೇ ಗೊತ್ತಾಗೋದು. ಗಾಡಿ ನಂದಲ್ಲ, ಬ್ರಿಟನ್‌ನಲ್ಲಿರೋ ನಮ್ಮ ಭಾವಂದು. ಲೋಟಸ್ ಸೆವೆನ್ ಅನ್ನೋ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಥರದ ಗಾಡಿ, ಅಂದ್ರೆ ಬಾಗಿಲು ಅನ್ನೋದು ನೆಪಕ್ಕೆ, ಮೇಲೆ ಹೊದಿಸೋಕೆ ಒಂದು ಬಟ್ಟೆ, ಮುಂದೆ ಉದ್ದ ಮೂತಿ, ಎರಡೇ ಸೀಟು, ನೆಲಕ್ಕೂ ನಿಮ್ಮ ಸೊಂಟಕ್ಕೂ ಗೇಣು ಅಂತರ. ಹಳೇ ಮಾಜ್ದಾ ಎಂಎಕ್ಸ್-5 ಒಂದನ್ನ ತಂದು, ಅದರ ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್, ವೈರಿಂಗ್ ಎಲ್ಲಾ ಬಿಚ್ಚಿ, ಕಿಟ್ ಕಂಪನಿ ಕಳಿಸಿದ ಹೊಸ ಚಾಸಿಗೆ ಕೂರಿಸಿದ್ರು. ಬೆನ್ನುನೋವು ಶುರುವಾದ್ಮೇಲೆ ಅದರೊಳಗೆ ಇಳಿಯೋದು ಏಳೋದೇ ಒಂದು ಸರ್ಕಸ್ ಆಯ್ತು, ಅದಕ್ಕೆ ಮಾರೋ ಯೋಚನೆ. ಫೋನು, ಮೇಲು, ಲಿಸ್ಟಿಂಗು, ಜಗಳ ಇದೆಲ್ಲಾ ನನ್ನ ತಲೆಗೆ ಬಂತು.

ಸರ್ವೀಸ್‌ಗಳ ವಿಷ್ಯಕ್ಕೆ ಬರೋ ಮುಂಚೆ ರೇಟ್ ಕಟ್ಟೋದರ ಬಗ್ಗೆ ಹೇಳ್ಲೇಬೇಕು, ಇಲ್ಲಾಂದ್ರೆ ಯಾಕೆ ಎರಡು ಸ್ಟಾರ್, ಯಾಕೆ ನಾಲ್ಕೂವರೆ ಅನ್ನೋದು ಅರ್ಥ ಆಗಲ್ಲ.

ಭಾವನ ಹತ್ರ ಒಂದು ಎಕ್ಸೆಲ್ ಶೀಟ್ ಇತ್ತು. ಕಿಟ್, ಡೋನರ್ ಕಾರು (ಭಾಗ ಬಿಚ್ಚಿಕೊಳ್ಳೋಕೆ ತಂದ ಆ ಹಳೇ ಮಾಜ್ದಾ), ಟೈರು, ಸೀಟು, ಪೌಡರ್ ಕೋಟಿಂಗು, ಟೆಸ್ಟ್ ಫೀಸು, ಕೊನೆಗೆ ಒಂದು ಸಾಲಲ್ಲಿ ತಮ್ಮ ಗಂಟೆಗಳು, ಅದಕ್ಕೂ ಒಂದು ರೇಟು. ಎಲ್ಲಾ ಕೂಡಿಸಿ ಕೆಳಗೆ ದಪ್ಪ ಅಕ್ಷರದಲ್ಲಿ ಮಾರೋ ಬೆಲೆ. ನಾನು ಅಂದೆ, ಭಾವ, ಕೊಳ್ಳೋನಿಗೆ ನಿಮ್ಮ ಗಂಟೆ ಲೆಕ್ಕ ಬೇಕಾಗಿಲ್ಲ, ಆ ಸಾಲು ತೆಗೀರಿ. ಅವರು, ಹಂಗಾದ್ರೆ ಗಾಡಿನೇ ತೆಗೆದುಬಿಡ್ಲಾ ಅಂದ್ರು. ಹೆತ್ತೋರಿಗೆ ಹೆಗ್ಗಣ ಮುದ್ದು ಅನ್ನೋದು ಸುಮ್ನೆ ಅಲ್ಲ. ಆದ್ರೆ ಮಾರ್ಕೆಟ್ ನಿಷ್ಕರುಣಿ ಕಣ್ರೀ, ಗ್ಯಾರೇಜಲ್ಲಿ ಕಳೆದ ಶನಿವಾರಗಳಿಗೆ ಸೊನ್ನೆ, ಹಾಕಿದ ಸಾಮಾನಿಗೂ ಪೂರ್ತಿ ವಾಪಸ್ ಬರಲ್ಲ. ಚಿನ್ನದ ಬಣ್ಣದ ರಿಮ್ಮು, ಹೆಸರು ಹೊಲಿಸಿದ ಸೀಟು, ಡ್ಯಾಶ್‌ಬೋರ್ಡ್ ಮೇಲೆ ಮರದ ಹಲಗೆ ಇವೆಲ್ಲಾ ಕಟ್ಟಿದೋರ ಖುಷಿಗೆ. ಕೊಳ್ಳೋನು ಅದನ್ನ ನೋಡಿ ಇದನ್ನ ಕಿತ್ತು ಬೇರೆ ಹಾಕೋಕೆ ಎಷ್ಟಾಗುತ್ತೆ ಅಂತ ಕಡಿಮೆ ಮಾಡ್ಕೊಂಡು ಕೇಳ್ತಾನೆ.

ಮಾಮೂಲಿ ಕಾರಾದ್ರೆ ಮಾಡೆಲ್ಲು, ವರ್ಷ, ಎಷ್ಟು ಓಡಿದೆ ಅಂತ ಹಾಕಿದ್ರೆ ಯಾವ್ದೋ ಒಂದು ಸೈಟು ರೇಟ್ ಹೇಳುತ್ತೆ. ಕಿಟ್ ಕಾರಿಗೆ ಅಂಥ ಟೇಬಲ್ ಇಲ್ಲ, ಯಾಕಂದ್ರೆ ಒಂದೇ ಕಿಟ್ಟು, ಒಂದೇ ಎಂಜಿನ್ನು, ಇಬ್ಬರು ಜೋಡಿಸಿದ್ರೆ ಎರಡು ಬೇರೆ ಬೇರೆ ಗಾಡಿ. ಹಾಗಾಗಿ ಕೊಳ್ಳೋನು ದುಡ್ಡು ಕೊಡೋದು ಮುಖ್ಯವಾಗಿ ಒಂದೇ ವಿಷ್ಯಕ್ಕೆ, ಗುರುತು ಪರಿಚಯ ಇಲ್ಲದ ಯಾರೋ ಬಿಗಿ ಮಾಡಿದ ನಟ್ಟು ಬೋಲ್ಟನ್ನ ನಂಬಿ ನಾನು ಹೈವೇಗೆ ಹೋಗಬಹುದಾ ಅನ್ನೋದಕ್ಕೆ. ಆ ನಂಬಿಕೆ ಹುಟ್ಟಿಸೋಕೆ ಸಹಾಯ ಮಾಡಿದ ಸರ್ವೀಸಿಗೆ ಜಾಸ್ತಿ ಸ್ಟಾರು, ಮಾಡದೇ ಇದ್ದದ್ದಕ್ಕೆ ಕಡಿಮೆ. ನನ್ನ ಅಳತೆಗೋಲು ಇಷ್ಟೇ.

ಸ್ವಲ್ಪ ಇತಿಹಾಸ, ಬೇಡದೋರು ದಾಟಿಕೊಂಡು ಹೋಗಿ. ಈ ಜಾತಿಗೆಲ್ಲಾ ಮೂಲಪುರುಷ ಲೋಟಸ್ ಸೆವೆನ್, ಕಾಲಿನ್ ಚಾಪ್‌ಮನ್ 1957ರಲ್ಲಿ ತಂದಿದ್ದು. ಆಗ ಬ್ರಿಟನ್‌ನಲ್ಲಿ ಪೂರ್ತಿ ಕಾರ್ ಕೊಂಡ್ರೆ ಪರ್ಚೇಸ್ ಟ್ಯಾಕ್ಸ್ ಬೀಳ್ತಿತ್ತು, ಬಿಡಿ ಭಾಗಗಳಾಗಿ ತಗೊಂಡು ನೀವೇ ಜೋಡಿಸಿದ್ರೆ ಇರಲಿಲ್ಲ, ಅದಕ್ಕೇ ಜನ ಕಿಟ್ಟಿಗೆ ಮುಗಿಬಿದ್ದಿದ್ದು. 1973ರಲ್ಲಿ ವ್ಯಾಟ್ ಬಂತು, ಆ ಟ್ಯಾಕ್ಸ್ ಲಾಭ ಹೋಯ್ತು, ಅದೇ ವರ್ಷ ಸೆವೆನ್‌ನ ಹಕ್ಕು ಕೇಟರ್‌ಹ್ಯಾಮ್ ಕೈಗೆ ಬಂತು, ಅವರು ಇವತ್ತಿಗೂ ಅದನ್ನ ಮಾಡ್ತಿದ್ದಾರೆ, ಫ್ಯಾಕ್ಟರಿಲೇ ಜೋಡಿಸಿದ್ದೂ ಸಿಗುತ್ತೆ, ಕಿಟ್ಟಾಗೂ ಸಿಗುತ್ತೆ. ಇದು ರೇಟಿಗೆ ಯಾಕೆ ಮುಖ್ಯ ಅಂದ್ರೆ, ಕೇಟರ್‌ಹ್ಯಾಮ್‌ಗೆ ಒಂದು ಸೆಕೆಂಡ್ ಹ್ಯಾಂಡ್ ಮಾರ್ಕೆಟ್ ಅಂತ ಇದೆ, ಯಾವ ವರ್ಷದ್ದು ಎಷ್ಟಕ್ಕೆ ಹೋಗುತ್ತೆ ಅನ್ನೋದು ಜನಕ್ಕೆ ಗೊತ್ತು, ಬೆಲೆ ಅಷ್ಟು ಸುಲಭಕ್ಕೆ ಬೀಳಲ್ಲ. ಉಳಿದ ಸೆವೆನ್ ಥರದ ಗಾಡಿಗಳಿಗೆಲ್ಲಾ ಅದೇ ಮೇಲಿನ ಗೆರೆ. ನಿಮ್ಮದು ಎಷ್ಟೇ ಚೆನ್ನಾಗಿರ್ಲಿ, ಕೊಳ್ಳೋನು ಇಷ್ಟು ದುಡ್ಡಿಗೆ ಇನ್ನೊಂಚೂರು ಸೇರಿಸಿದ್ರೆ ಕೇಟರ್‌ಹ್ಯಾಮೇ ಬರುತ್ತಲ್ಲಾ ಅಂತಾನೆ, ಅಲ್ಲಿಗೆ ಮಾತು ಮುಗೀತು. ನಾವು ರೇಟ್ ಕಟ್ಟಿದ್ದೂ ಹಂಗೇ. ಕೆಳಗಿನ ಗೆರೆ ಬಿಡಿ ಭಾಗಗಳಾಗಿ ಮಾರಿದ್ರೆ ಎಷ್ಟು ಬರುತ್ತೆ ಅನ್ನೋದು, ಮೇಲಿನ ಗೆರೆ ಅದೇ ವಯಸ್ಸಿನ ಕೇಟರ್‌ಹ್ಯಾಮ್, ನಡುವೆ ಎಲ್ಲಿ ಕೂರಬೇಕು ಅನ್ನೋದನ್ನ ಕಾಗದ ಪತ್ರ ತೀರ್ಮಾನ ಮಾಡುತ್ತೆ.

ಕಾಗದ ಪತ್ರ ಅಂದ್ನಲ್ಲ. ಬ್ರಿಟನ್‌ನಲ್ಲಿ ಇಂಥ ಗಾಡಿ ರೋಡಿಗೆ ಇಳೀಬೇಕಾದ್ರೆ ಐವಿಎ ಅನ್ನೋ ಪರೀಕ್ಷೆ ಪಾಸಾಗ್ಬೇಕು, ಮುಂಚೆ ಎಸ್‌ವಿಎ ಅಂತ ಇತ್ತು, 2009ರಲ್ಲಿ ಇದು ಬಂತು. ಎಷ್ಟು ಕೂಲಂಕಷ ಅಂದ್ರೆ ಹೊರಗಡೆ ಕೈಗೆ ತಾಗೋ ಅಂಚುಗಳು ಕೂಡ 2.5 ಮಿಲಿಮೀಟರ್ ತ್ರಿಜ್ಯದಷ್ಟಾದ್ರೂ ದುಂಡಗಿರಬೇಕು. ಅದಕ್ಕೇ ಸುಮಾರು ಜನ ಟೆಸ್ಟಿಗೆ ಹೋಗುವಾಗ ಬ್ರಾಕೆಟ್ಟು, ಬೋಲ್ಟಿನ ತುದಿ, ಮಡ್‌ಗಾರ್ಡ್ ಅಂಚು ಎಲ್ಲದಕ್ಕೂ ರಬ್ಬರ್ ಪಟ್ಟಿ, ಪ್ಲಾಸ್ಟಿಕ್ ಟೋಪಿ ಹಾಕ್ಕೊಂಡು ಹೋಗಿ, ಪಾಸಾದ ಮಾರನೇ ದಿನ ಕಿತ್ತು ಬಿಸಾಕ್ತಾರೆ. ವಿಷ್ಯ ತಿಳಿದ ಕೊಳ್ಳೋನು ಮೊದಲು ನೋಡೋದೇ ಅದನ್ನ. ರಬ್ಬರ್ ಕಿತ್ತಿದ್ದಕ್ಕೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ, ಆದ್ರೆ ಟೆಸ್ಟ್ ಆದ್ಮೇಲೆ ಇನ್ನೇನೇನು ಬದಲಾಯಿಸಿದೀರಿ ಅನ್ನೋ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತೆ. ಆಮೇಲೆ ನಂಬರ್ ಪ್ಲೇಟು. ಭಾಗಗಳು ಎಲ್ಲಿಂದ ಬಂದ್ವು, ಎಷ್ಟು ಹಳೇವು ಅನ್ನೋದಕ್ಕೆ ದಾಖಲೆ ಇಲ್ಲದಿದ್ರೆ ಕ್ಯೂ ಅಕ್ಷರದ ಪ್ಲೇಟು ಕೊಡ್ತಾರೆ, ಅದು ಬಂತು ಅಂದ್ರೆ ಗಾಡಿ ಕೆಟ್ಟದ್ದು ಅಂತ ಏನಿಲ್ಲ, ಆದ್ರೂ ಕೊಳ್ಳೋರ ಮುಖ ಸಣ್ಣಗಾಗುತ್ತೆ, ರೇಟೂ ಸಣ್ಣಗಾಗುತ್ತೆ. ಭಾವ ಒಂದೇ ಡೋನರ್ ಕಾರಿಂದ ಎಲ್ಲಾ ತೆಗೆದು ಅದರ ಕಾಗದ ಜೋಪಾನ ಮಾಡಿದ್ರಿಂದ ಡೋನರ್ ವಯಸ್ಸಿಗೆ ತಕ್ಕ ನಂಬರ್ ಸಿಕ್ಕಿತ್ತು. ಎಕ್ಸೆಲ್ ಶೀಟಲ್ಲಿ ಇಲ್ಲದೇ ಇದ್ದ ಬೆಲೆ ಅದು.

ಈಗ ಸರ್ವೀಸ್ ನಂಬರ್ ಒಂದು, ಕಮಿಷನ್ ಮೇಲೆ ಮಾರಿಕೊಡೋ ಡೀಲರ್. ಹೆಸರು ಬೇಡ. ಸ್ಪೋರ್ಟ್ಸ್ ಕಾರು, ಹಳೇ ಕ್ಲಾಸಿಕ್ ಕಾರು ಇಡೋ ಶೋರೂಮು, ಒಳ್ಳೇ ಲೈಟಿಂಗು, ಒಳ್ಳೇ ಕಾಫಿ ಮಷೀನು. ಗಾಡಿ ಅವರ ಹತ್ರ ಬಿಡೋದು, ಅವರು ತೋರಿಸಿ ಮಾರೋದು, ಬಂದ ದುಡ್ಡಲ್ಲಿ ಅವರ ಪಾಲು ಹಿಡ್ಕೊಂಡು ನಮಗೆ ಕೊಡೋದು. ಮೊದಲ ಮಾತುಕತೆಲಿ ಅವರು ಹೇಳಿದ ರೇಟ್ ಕೇಳಿ ಭಾವ ನನ್ನ ಕಡೆ ತಿರುಗಿ ಒಂದು ನೋಟ ಬೀರಿದ್ರು ನೋಡಿ, ಎಕ್ಸೆಲ್ ಶೀಟಿಗೆ ಸುಪ್ರೀಂ ಕೋರ್ಟ್ ತೀರ್ಪು ಸಿಕ್ಕ ಹಾಗೆ. ಅದು ಮೂಗಿಗೆ ತುಪ್ಪ ಸವರೋ ರೇಟು ಅನ್ನೋದು ಸಹಿ ಮಾಡಿದ್ಮೇಲೆ ಗೊತ್ತಾಯ್ತು. ಗಾಡಿ ಒಳಗೆ ಬರೋ ತನಕ ಮಾತ್ರ ಆ ರೇಟು, ಬಂದ ಕೆಲವೇ ವಾರಕ್ಕೆ ಫೋನ್ ಶುರು, ಮಾರ್ಕೆಟ್ ಡಲ್ಲು ಸಾರ್, ಸ್ವಲ್ಪ ಇಳಿಸಿದ್ರೆ ವಿಚಾರಣೆ ಬರ್ತವೆ, ಇನ್ನೊಂಚೂರು ಇಳಿಸಿದ್ರೆ ಒಬ್ಬ ಸೀರಿಯಸ್ ಪಾರ್ಟಿ ಇದೆ. ಆ ಸೀರಿಯಸ್ ಪಾರ್ಟಿ ಯಾವತ್ತೂ ಬರಲಿಲ್ಲ.

ನನ್ನ ತಕರಾರು ರೇಟ್ ಇಳಿಸಿದ್ದಕ್ಕಲ್ಲ, ವ್ಯಾಪಾರ ಅಂದ್ಮೇಲೆ ಅದು ಇದ್ದದ್ದೇ. ತಕರಾರು ಅವರ ಲಿಸ್ಟಿಂಗ್ ಬಗ್ಗೆ. ನಾವು ಕೊಟ್ಟಿದ್ದು ಎರಡು ದಪ್ಪ ಫೈಲು, ಖಾಲಿ ಚಾಸಿ ಬಂದ ದಿನದಿಂದ ಒಂದೊಂದು ಹಂತದ ಫೋಟೋ, ಬಿಲ್ಲು, ಟೆಸ್ಟ್ ರಿಪೋರ್ಟು, ವೀಲ್ ಅಲೈನ್‌ಮೆಂಟ್ ಶೀಟು, ನಾಲ್ಕೂ ಚಕ್ರದ ಮೇಲೆ ಬೀಳೋ ತೂಕದ ಅಳತೆ. ಅವರು ಹಾಕಿದ ಜಾಹೀರಾತಲ್ಲಿ ಇದ್ದದ್ದು ಸಂಜೆ ಬಿಸಿಲಲ್ಲಿ ಮೂತಿ ಹೊಳೀತಿರೋ ಫೋಟೋ, ಸ್ಟೀರಿಂಗ್ ಫೋಟೋ, ಮತ್ತೆ ನಿಜವಾದ ಡ್ರೈವರ್‌ಗಳಿಗಾಗಿ ಅನ್ನೋ ಥರದ ನಾಲ್ಕು ಸಾಲು. ಎಂಜಿನ್ 1.8 ಲೀಟರ್‌ದು, ಅವರು 1.6 ಅಂತ ಹಾಕಿದ್ರು, ಹೇಳಿದ್ಮೇಲೂ ಸುಮಾರು ದಿನ ಹಂಗೇ ಇತ್ತು. ಅಡಿಭಾಗದ ಒಂದು ಫೋಟೋನೂ ಇಲ್ಲ. ನಾನು ಒಂದ್ಸಲ ಶೋರೂಮ್‌ಗೆ ಹೋದಾಗ ಫೈಲ್ ಎಲ್ಲಿ ಅಂತ ಕೇಳಿದ್ರೆ ಆ ಹುಡುಗ ಮೂರು ಡ್ರಾಯರ್ ಎಳೆದು, ನಾಲ್ಕನೇದರಲ್ಲಿ ಬೇರೆ ಯಾವ್ದೋ ಕಾರಿನ ಸರ್ವೀಸ್ ಬುಕ್ ಕೆಳಗಿಂದ ತೆಗೆದ, ನಾವು ಕಟ್ಟಿಕೊಟ್ಟ ರಬ್ಬರ್ ಬ್ಯಾಂಡು ಹಂಗೇ ಇತ್ತು, ಒಬ್ಬರೂ ಬಿಚ್ಚಿ ನೋಡಿಲ್ಲ. ಗಾಡಿ ನೋಡೋಕೆ ಬಂದೋರು ಬ್ರೇಕ್ ಪೈಪ್ ಯಾವ್ದು, ಡ್ಯಾಂಪರ್ ಯಾವ್ದು ಅಂತ ಕೇಳಿದ್ರೆ ಇವರು ಓನರ್‌ನ ಕೇಳಿ ಹೇಳ್ತೀವಿ ಅಂತಾರೆ, ಅಷ್ಟೊತ್ತಿಗೆ ಬಂದೋನು ಪಕ್ಕದ ಪೋರ್ಶೆ ಹತ್ರ ಹೋಗಿರ್ತಾನೆ. ಕಮಿಷನ್ ತಗೊಳ್ಳೋದು ಮಾರೋ ಕೆಲಸಕ್ಕೆ ತಾನೇ. ಇಲ್ಲಿ ನಡೆದಿದ್ದು ಗಾಡಿ ನಿಲ್ಲಿಸೋ ಕೆಲಸ ಅಷ್ಟೇ.

ಎರಡು ಸ್ಟಾರ್ ಯಾಕೆ, ಒಂದೇ ಕೊಡಬಹುದಿತ್ತಲ್ಲಾ ಅಂದ್ರೆ, ಗಾಡಿ ಒಣಗಿದ ಜಾಗದಲ್ಲಿ ಇಟ್ಟಿದ್ರು, ಬ್ಯಾಟರಿ ಚಾರ್ಜಲ್ಲಿ ಇತ್ತು, ಒಂದು ಗೀರೂ ಬೀಳಲಿಲ್ಲ, ವಾಪಸ್ ಕೇಳಿದಾಗ ಗಲಾಟೆ ಮಾಡದೆ ಕೊಟ್ರು. ಇನ್ನೊಂದು ಮಾತು, ಫ್ಯಾಕ್ಟರಿಲಿ ಜೋಡಿಸಿದ ಹೆಸರುವಾಸಿ ಗಾಡಿ ಆಗಿದ್ರೆ ಇವರೇ ಚೆನ್ನಾಗಿ ಮಾರ್ತಿದ್ರೇನೋ, ಅದಕ್ಕೆ ವಿವರಣೆ ಬೇಕಾಗಲ್ಲ. ಮನೇಲಿ ಕಟ್ಟಿದ್ದಕ್ಕೆ ವಿವರಣೆನೇ ಎಲ್ಲಾ.

ಸರ್ವೀಸ್ ನಂಬರ್ ಎರಡು, ಆನ್‌ಲೈನ್ ಹರಾಜು. ಈ ಪದ್ಧತಿ ಜನಪ್ರಿಯ ಆಗಿದ್ದು ಅಮೆರಿಕದ ಬ್ರಿಂಗ್ ಎ ಟ್ರೈಲರ್‌ನಿಂದ, 2007ರಲ್ಲಿ ಸುಮ್ನೆ ಒಳ್ಳೊಳ್ಳೇ ಕಾರಿನ ಜಾಹೀರಾತು ಹುಡುಕಿ ತೋರಿಸೋ ಸೈಟಾಗಿ ಶುರುವಾಗಿ, 2014ರಿಂದ ತಾವೇ ಹರಾಜು ಹಾಕೋಕೆ ಶುರು ಮಾಡಿದ್ರು. ಅಲ್ಲಿ ದೊಡ್ಡ ಫೀಸ್ ಕೊಳ್ಳೋನ ಮೇಲೆ, ಬಿದ್ದ ಬೆಲೆಯ ಮೇಲೆ ಶೇಕಡಾ 5, ಮಾರೋನಿಗೆ ಬರೀ ಲಿಸ್ಟಿಂಗ್ ಚಾರ್ಜು. ಕೊನೇ ಎರಡು ನಿಮಿಷದಲ್ಲಿ ಯಾರಾದ್ರೂ ಬಿಡ್ ಹಾಕಿದ್ರೆ ಗಡಿಯಾರ ಮತ್ತೆ ಎರಡು ನಿಮಿಷಕ್ಕೆ ಹೋಗುತ್ತೆ, ಹಾಗಾಗಿ ಕೊನೇ ಸೆಕೆಂಡಲ್ಲಿ ಕಳ್ಳಾಟ ಆಡೋಕಾಗಲ್ಲ. ಬ್ರಿಟನ್‌ನಲ್ಲೂ ಈಗ ಇದೇ ಮಾದರಿಯ ಸೈಟ್‌ಗಳಿವೆ, ನಾವು ಅಂಥ ಒಂದರಲ್ಲಿ ಹಾಕಿದ್ವಿ.

ಇದರಲ್ಲಿ ನನಗೆ ನಿಜಕ್ಕೂ ಇಷ್ಟ ಆಗಿದ್ದು ಅವರು ಫೈಲ್ ಕೇಳಿದ್ದು. ಅಡಿಭಾಗದ ಫೋಟೋ ಕಡ್ಡಾಯ, ಚಾಸಿ ನಂಬರ್ ಫೋಟೋ ಕಡ್ಡಾಯ, ತಣ್ಣಗಿರೋ ಎಂಜಿನ್ ಸ್ಟಾರ್ಟ್ ಮಾಡೋ ವಿಡಿಯೋ ಹಾಕಿ, ಏನೇನು ಕೆಲಸ ಮಾಡಲ್ಲ ಅಂತ ಬರೀರಿ, ಹೀಗೆ. ಭಾವಂಗೆ ಏನೇನು ಕೆಲಸ ಮಾಡಲ್ಲ ಅನ್ನೋದು ಬರೆಯೋಕೆ ಜೀವ ಹೋಯ್ತು, ಹೀಟರ್ ಫ್ಯಾನ್ ಒಂದೇ ಸ್ಪೀಡಲ್ಲಿ ತಿರುಗುತ್ತೆ ಅನ್ನೋದನ್ನ ಹಾಕ್ಲೇಬೇಕಾ ಅಂದ್ರು, ಹಾಕಿದ್ವಿ, ಕೆಳಗೆ ಕಾಮೆಂಟಲ್ಲಿ ಒಬ್ಬ ಈ ಗಾಡಿಗೆ ಹೀಟರ್ ಇರೋದೇ ಲಕ್ಷುರಿ ಅಂತ ಬರೆದ. ಕಾಮೆಂಟ್ ಜಾಗ ಎರಡು ಕಡೆ ಹರಿತ ಇರೋ ಕತ್ತಿ. ಅಲ್ಲಿ ವಿಷ್ಯ ತಿಳಿದೋರು ಬರ್ತಾರೆ, ಹಿಂದಿನ ಸಸ್ಪೆನ್ಶನ್ ಬ್ರಾಕೆಟ್ಟಿನ ವೆಲ್ಡಿಂಗ್ ಜೂಮ್ ಮಾಡಿ ಕೇಳ್ತಾರೆ, ನೀವು ನೇರವಾಗಿ ಉತ್ತರ ಕೊಟ್ರೆ ನೋಡ್ತಿರೋ ಉಳಿದೋರಿಗೆಲ್ಲಾ ಧೈರ್ಯ ಬರುತ್ತೆ. ಜೊತೆಗೆ ಏನೂ ಕೊಳ್ಳದ, ಯಾವತ್ತೂ ಕೊಳ್ಳದ, ಆದ್ರೂ ನಾನಾಗಿದ್ರೆ ಬೇರೆ ಎಂಜಿನ್ ಹಾಕ್ತಿದ್ದೆ ಅಂತ ಪುರಾಣ ಬಿಚ್ಚೋ ಜನನೂ ಬರ್ತಾರೆ.

ಸ್ಟಾರ್ ಕಟ್ ಆಗಿದ್ದು ಎರಡು ಕಾರಣಕ್ಕೆ. ಒಂದು, ರಿಸರ್ವ್ ಬೆಲೆ, ಅಂದ್ರೆ ಇದಕ್ಕಿಂತ ಕಮ್ಮಿಗೆ ಕೊಡಲ್ಲ ಅಂತ ನಾವಿಡೋ ಬೆಲೆ, ಇಳಿಸಿ ಅಂತ ಅವರೂ ಒತ್ತಡ ಹಾಕ್ತಾರೆ, ಯಾಕಂದ್ರೆ ಮಾರಾಟ ಆದ್ರೇನೇ ಅವರಿಗೆ ಕಾಸು. ಎರಡು, ಹರಾಜು ನಡೆಯೋಕೆ ಒಂದೇ ಗಾಡಿ ಮೇಲೆ ಆಸೆ ಇರೋ ಕನಿಷ್ಠ ಇಬ್ಬರು ಒಂದೇ ವಾರದಲ್ಲಿ ಬೇಕು. ಪೋರ್ಶೆಗೆ ಅದು ಸಿಗುತ್ತೆ, ಎಂಎಕ್ಸ್-5 ಎಂಜಿನ್ನಿನ ಸೆವೆನ್ ಥರದ ಗಾಡಿಗೆ ಆಸೆ ಪಟ್ಟೋರೇ ಕಮ್ಮಿ, ಅದರಲ್ಲೂ ಕ್ಯಾಲೆಂಡರ್ ನೋಡ್ಕೊಂಡು ಬರ್ತಾರಾ. ಕೊನೇ ದಿನ ಬಿಡ್ ಏರ್ತಾ ಏರ್ತಾ ನಮ್ಮ ರಿಸರ್ವ್‌ನ ಹತ್ರ ಬಂದು ಅಲ್ಲೇ ನಿಂತುಬಿಡ್ತು, ಹರಾಜು ಮುರೀತು. ಮುರಿದ ಹರಾಜಿಗೆ ಒಂದು ಶಾಪ ಇದೆ, ಕೊನೇ ಬಿಡ್ ಎಷ್ಟಿತ್ತು ಅನ್ನೋದು ಇಂಟರ್ನೆಟ್ಟಲ್ಲಿ ಶಾಶ್ವತವಾಗಿ ಉಳಿಯುತ್ತೆ, ಆಮೇಲೆ ಬಂದೋರೆಲ್ಲಾ ಅಲ್ಲಿಂದಲೇ ಚೌಕಾಸಿ ಶುರು ಮಾಡ್ತಾರೆ. ಒಂದು ಲಾಭನೂ ಆಯ್ತು ಅನ್ನಿ, ಆ ನಂಬರ್ ನೋಡಿದ್ಮೇಲೆ ಭಾವ ತಾವಾಗೇ ಎಕ್ಸೆಲ್ ಶೀಟ್ ಮುಚ್ಚಿದ್ರು. ನಾನು ತಿಂಗಳುಗಟ್ಟಲೆ ಬಾಯಿ ಬಡ್ಕೊಂಡಿದ್ದು ವೇಸ್ಟು.

ಹರಾಜಿನ ಮಾತು ಬಂದಿದ್ದಕ್ಕೆ ರೆಪ್ಲಿಕಾ, ಅಂದ್ರೆ ಹೆಸರುವಾಸಿ ಕಾರಿನ ನಕಲಾಗಿ ಕಟ್ಟಿದ ಗಾಡಿ ಇಟ್ಕೊಂಡಿರೋರಿಗೆ ಒಂದು ಕಿವಿಮಾತು. ಕ್ಯಾರಲ್ ಶೆಲ್ಬಿಯ ಮೊಟ್ಟಮೊದಲ ಕೋಬ್ರಾ ಸ್ಪೋರ್ಟ್ಸ್ ಕಾರು 2016ರಲ್ಲಿ 1.375 ಕೋಟಿ ಡಾಲರ್‌ಗೆ ಹೋಯ್ತು, ಅದಕ್ಕೂ ನಿಮ್ಮ ಫೈಬರ್‌ಗ್ಲಾಸ್ ಕೋಬ್ರಾಗೂ ಸಂಬಂಧ ಇಲ್ಲ. ರೆಪ್ಲಿಕಾ ಲೋಕದಲ್ಲಿ ಬೆಲೆ ನಿರ್ಧಾರ ಮಾಡೋದು ಯಾವ ಕಂಪನಿ ಕಿಟ್ಟು ಅನ್ನೋದು. 1995ರಿಂದ ಇರೋ ಫ್ಯಾಕ್ಟರಿ ಫೈವ್ ಥರದ ಕಂಪನಿದಾದ್ರೆ ಮುಂದೆ ಸ್ಪೇರ್ ಸಿಗುತ್ತೆ, ಮ್ಯಾನ್ಯುಯಲ್ ಇರುತ್ತೆ, ಅದನ್ನೇ ಕಟ್ಟಿದ ಸಾವಿರಾರು ಜನ ಇರ್ತಾರೆ, ಕೊಳ್ಳೋನಿಗೆ ಭಯ ಕಮ್ಮಿ. ಕಿಟ್ ಕಂಪನಿ ಬಾಗಿಲು ಹಾಕಿ ಹೋಗಿದ್ರೆ ಒಂದು ಮುಂದಿನ ಗಾಜು ಒಡೆದ್ರೂ ತಲೆ ಮೇಲೆ ಕೈ. ಪಾಂಟಿಯಾಕ್ ಫಿಯೆರೋ ಅನ್ನೋ ಅಮೆರಿಕದ ಸಣ್ಣ ಕಾರಿನ ಮೇಲೆ ಫೆರಾರಿ ವೇಷ ಹಾಕಿದ ಗಾಡಿಗಳ ಗತಿ ಇನ್ನೂ ಕಷ್ಟ, ಆ ಫಿಯೆರೋ ಬಂದಿದ್ದೇ 1984ರಿಂದ 88ರ ತನಕ, ಒಳಗಿನ ಸಾಮಾನೆಲ್ಲಾ ಆ ಕಾಲದ್ದು, ನೋಡೋಕೆ ಮಾತ್ರ ಸೂಪರ್ ಕಾರು. ಹೆಸರು ಹಾಕುವಾಗ ಹುಷಾರು, 1965 ಕೋಬ್ರಾ ಅಂತ ತಲೆಬರಹ ಕೊಟ್ಟು ಕೆಳಗೆ ಸಣ್ಣ ಅಕ್ಷರದಲ್ಲಿ ರೆಪ್ಲಿಕಾ ಅಂತ ಬರೆಯೋದು ಕಣ್ಣಿಗೆ ಮಣ್ಣೆರಚೋ ಕೆಲಸ, ತಿಳಿದೋರು ಅಲ್ಲೇ ಮುಂದಕ್ಕೆ ಹೋಗ್ತಾರೆ.

ಹಂಗಂತ ಕಿಟ್ ಕಾರೆಲ್ಲಾ ಕಮ್ಮಿ ಬೆಲೆನೇ ಅಂತ ಅಲ್ಲ. ಬ್ರೂಸ್ ಮೇಯರ್ಸ್ 1964ರಲ್ಲಿ ಶುರು ಮಾಡಿದ ಮೇಯರ್ಸ್ ಮ್ಯಾಂಕ್ಸ್ ಇದೆಯಲ್ಲ, ಫೋಕ್ಸ್‌ವ್ಯಾಗನ್ ಬೀಟಲ್ ಚಾಸಿ ಕತ್ತರಿಸಿ ಗಿಡ್ಡ ಮಾಡಿ ಮೇಲೆ ಫೈಬರ್‌ಗ್ಲಾಸ್ ಬಾಡಿ ಕೂರಿಸೋ ಮರಳಿನ ಬಗ್ಗಿ. ಅವರ ಪೇಟೆಂಟ್ ಕೋರ್ಟಲ್ಲಿ ಬಿದ್ದುಹೋಗಿ ಊರೆಲ್ಲಾ ನಕಲು ಮಾಡಿದ್ರು, ಆದ್ರೆ ಇವತ್ತು ಅಸಲಿ ಮ್ಯಾಂಕ್ಸ್ ಅಂತ ಸಾಬೀತಾದ್ರೆ ನಕಲಿಗಿಂತ ಎಷ್ಟೋ ಜಾಸ್ತಿ. ಸ್ಟೀವ್ ಮೆಕ್‌ಕ್ವೀನ್ ಸಿನಿಮಾದಲ್ಲಿ ಓಡಿಸಿದ ಒಂದು ಮ್ಯಾಂಕ್ಸ್ 2020ರಲ್ಲಿ ಬೋನಮ್ಸ್ ಹರಾಜಲ್ಲಿ 4,56,000 ಡಾಲರ್ ತಂತು. ಅಲ್ಲೂ ದುಡ್ಡು ಬಂದಿದ್ದು ಯಾರದ್ದು, ಎಲ್ಲಿಂದ ಬಂತು ಅನ್ನೋ ದಾಖಲೆಗೆ, ಬಿಚ್ಚಿಟ್ರೆ ಒಳಗಿರೋದು ಬೀಟಲ್ ಸಾಮಾನು. ಅಮೆರಿಕದಲ್ಲಿ ರಿಜಿಸ್ಟ್ರೇಷನ್ ಕಾಗದನೇ ಬೆಲೆ ಏರಿಸೋದೂ ಉಂಟು, ಕ್ಯಾಲಿಫೋರ್ನಿಯಾದಲ್ಲಿ ಎಸ್‌ಬಿ 100 ಅನ್ನೋ ಕಾನೂನಲ್ಲಿ ಇಂಥ ಗಾಡಿಗೆ ಹೊಗೆ ಟೆಸ್ಟಲ್ಲಿ ವಿನಾಯಿತಿ ಇದೆ, ಆದ್ರೆ ವರ್ಷಕ್ಕೆ 500 ಗಾಡಿಗೆ ಮಾತ್ರ, ಆ ಕಾಗದ ಇರೋ ಗಾಡಿಗೂ ಇಲ್ಲದ್ದಕ್ಕೂ ಅಲ್ಲಿ ಒಂದೇ ಬೆಲೆ ಇರೋಕೆ ಸಾಧ್ಯನೇ ಇಲ್ಲ.

ಸರ್ವೀಸ್ ನಂಬರ್ ಮೂರು, ಓನರ್ಸ್ ಕ್ಲಬ್ಬು. ಸರ್ವೀಸ್ ಅಂತ ಕರೀಬಹುದೋ ಇಲ್ವೋ, ಮೆಂಬರ್‌ಶಿಪ್ ದುಡ್ಡು ಕೊಟ್ರೆ ಜಾಹೀರಾತು ಹಾಕೋಕೆ ಜಾಗ, ಜೊತೆಗೆ ಗಾಡಿ ನೋಡಿ ಇನ್ಶೂರೆನ್ಸ್‌ಗೆ ಬೇಕಾದ ವ್ಯಾಲ್ಯುಯೇಷನ್ ಪತ್ರ ಬರೆದುಕೊಡೋ ಹಿರಿಯ ಮೆಂಬರ್. ಕಿಟ್ ಕಾರಿಗೆ ಆ ಪತ್ರ ಭಾಳ ಮುಖ್ಯ, ಯಾಕಂದ್ರೆ ಇನ್ಶೂರೆನ್ಸ್ ಕಂಪನಿಗೂ ರೇಟ್ ಟೇಬಲ್ ಇಲ್ಲ, ಮುಂಚೆನೇ ಇಷ್ಟು ಅಂತ ಒಪ್ಪಿಕೊಂಡ ಬೆಲೆ ಮೇಲೆ ಪಾಲಿಸಿ ಮಾಡಿಸ್ಬೇಕು, ಇಲ್ಲಾಂದ್ರೆ ಆಕ್ಸಿಡೆಂಟ್ ಆದ ದಿನ ಅವರು ಹೇಳಿದ್ದೇ ಬೆಲೆ. ಪತ್ರ ಬರೆಯೋಕೆ ಬಂದ ಆ ಹಿರಿಯರು ಕೊಟ್ಟ ಅಂದಾಜು ಡೀಲರ್ ಹೇಳಿದ್ದಕ್ಕಿಂತ ಕೆಳಗೆ, ಹರಾಜಲ್ಲಿ ನಿಂತಿದ್ದಕ್ಕಿಂತ ಸ್ವಲ್ಪ ಮೇಲೆ ಇತ್ತು, ಕೊನೆಗೆ ಗಾಡಿ ಹೋಗಿದ್ದೂ ಹತ್ತಹತ್ರ ಅಷ್ಟಕ್ಕೇ. ಇನ್ಶೂರೆನ್ಸ್‌ಗೆ ಬರೆಯೋ ಬೆಲೆ ಬೇರೆ, ಮಾರೋ ಬೆಲೆ ಬೇರೆ, ಎರಡನ್ನ ಕಲಸ್ಬೇಡಿ ಅಂತ್ಲೂ ಅವರೇ ಹೇಳಿದ್ರು. ಚಳಿಗಾಲದಲ್ಲಿ ಜಾಹೀರಾತು ಹಾಕ್ಬೇಡಿ, ಛಾವಣಿ ಇಲ್ಲದ ಗಾಡಿ ಮಳೇಲಿ ಯಾರಿಗೆ ಬೇಕು, ಬಿಸಿಲು ಶುರುವಾಗೋ ಹೊತ್ತಿಗೆ ಹಾಕಿ ಅಂದಿದ್ದೂ ಅವರೇ. ಡೀಲರ್ ಈ ಮಾತು ಹೇಳಬಹುದಿತ್ತು, ಹೇಳಿದ್ರೆ ಗಾಡಿ ಒಳಗೆ ಬರ್ತಿರಲಿಲ್ಲ ಅನ್ನಿ.

ಕ್ಲಬ್ ಮೂಲಕ ಬಂದ ಮೊದಲನೇ ಮನುಷ್ಯ ಒಳ್ಳೇ ಎತ್ತರದ ಆಳು. ಗಾಡಿ ನೋಡಿದ, ಇಷ್ಟ ಪಟ್ಟ, ಒಳಗೆ ಇಳಿದ, ಮೂರು ಪೆಡಲ್ ಮಧ್ಯೆ ಅವನ ಶೂ ಹೋಗ್ಲೇ ಇಲ್ಲ, ಬ್ರೇಕ್ ಒತ್ತಿದ್ರೆ ಆಕ್ಸಿಲರೇಟರೂ ಒತ್ತುತ್ತೆ. ಸೆವೆನ್ ಜಾತಿಗೆ ಇದು ಹುಟ್ಟುಗುಣ, ಕೇಟರ್‌ಹ್ಯಾಮ್‌ನೋರೂ ಇದಕ್ಕೇ ಎಸ್‌ವಿ ಅಂತ 110 ಮಿಲಿಮೀಟರ್ ಅಗಲ ಜಾಸ್ತಿ ಇರೋ ಚಾಸಿ ಮಾಡ್ತಾರೆ. ಅವನು ನಕ್ಕೊಂಡು ಕೈ ಕುಲುಕಿ ಹೋದ. ಅವತ್ತೇ ನಾನು ಜಾಹೀರಾತಿಗೆ ಸೀಟಿನ ಅಗಲ, ಪೆಡಲ್ ಜಾಗದ ಅಗಲ ಎರಡೂ ಅಳತೆ ಸೇರಿಸಿದೆ, ನೀವೂ ಸೇರಿಸಿ, ಎಷ್ಟೋ ಜನರ ಪೆಟ್ರೋಲ್ ಉಳಿಯುತ್ತೆ.

ಕೊಂಡೋನು ಆಮೇಲೆ ಬಂದ. ಅವನು ಮುಂದಿನ ಮೂತಿನ ಒಂದು ಸೆಕೆಂಡೂ ನೋಡಲಿಲ್ಲ, ಕಾರಿಂದ ಹಳೇ ಚಾಪೆ ತಂದು ಹಾಸಿ, ತಲೆಗೆ ಟಾರ್ಚ್ ಕಟ್ಕೊಂಡು ಕೆಳಗೆ ಹೋದ, ಕಾಲೆರಡೇ ಹೊರಗೆ. ಒಳಗಿಂದ ಪ್ರಶ್ನೆ ಬರ್ತಿದ್ವು, ಬ್ರೇಕ್ ಪೈಪ್ ಕ್ಲಿಪ್ ಇಷ್ಟು ಹತ್ರ ಹತ್ರ ಹಾಕಿದೀರಲ್ಲಾ, ನೀವೇನಾ. ಪೈಪು ಚಾಸಿ ತಗಡಿನ ತೂತಲ್ಲಿ ಹಾಯೋ ಕಡೆ ರಬ್ಬರ್ ಬಳೆ ಇದೆಯಾ ಅಂತ ಬೆರಳು ತೂರಿಸಿ ನೋಡಿದ. ಸಸ್ಪೆನ್ಶನ್ ಬೋಲ್ಟ್ ಪ್ರತಿಯೊಂದರ ಮೇಲೂ ಭಾವ ಟಾರ್ಕ್ ರೆಂಚಲ್ಲಿ (ಬೇಕಾದಷ್ಟು ಬಿಗಿ ಆದಾಗ ಕ್ಲಿಕ್ ಅನ್ನೋ ರೆಂಚು) ಬಿಗಿ ಮಾಡಿದ್ಮೇಲೆ ಹಳದಿ ಪೇಂಟ್ ಪೆನ್ನಲ್ಲಿ ಒಂದು ಗೆರೆ ಎಳೆದಿದ್ರು, ನಟ್ಟಿಂದ ಬ್ರಾಕೆಟ್ ತನಕ ಒಂದೇ ಗೆರೆ, ನಟ್ಟು ಸ್ವಲ್ಪ ಸಡಿಲ ಆಗಿದ್ರೂ ಗೆರೆ ಮುರೀಬೇಕು. ಅವನು ಒಂದೊಂದನ್ನೇ ಬೆಳಕು ಬಿಟ್ಟು ನೋಡಿದ, ಒಂದು ಗೆರೆ ಬಣ್ಣ ಮಾಸಿತ್ತು, ಅದೊಂದನ್ನ ನನ್ನ ಮುಂದೆ ರೆಂಚ್ ಹಾಕಿ ತೋರಿಸಿ ಅಂದ, ಭಾವ ತೋರಿಸಿದ್ರು, ಕ್ಲಿಕ್ ಅಂತು. ಆಮೇಲೆ ಎದ್ದು ಕೈ ಒರೆಸ್ಕೊಂಡು ಫೈಲ್ ಕೇಳಿದ. ಇಬ್ಬರೂ ಫೈಲ್ ಮುಂದೆ ಕೂತು ಎಂಜಿನ್ ಮೌಂಟ್ ಬಗ್ಗೆ ಮಾತಾಡಿದ್ದು ನನ್ನ ಊಟದ ಹೊತ್ತು ಮೀರಿ ಹೋಯ್ತು. ರೇಟ್ ಮಾತು ಎರಡು ನಿಮಿಷ. ನಾವು ಹೇಳಿದ್ದಕ್ಕಿಂತ ಸ್ವಲ್ಪ ಕಮ್ಮಿ ಕೇಳಿದ, ಟೈರ್ ಹಳೇದಾಗಿದೆ ಅನ್ನೋ ಕಾರಣ ಕೊಟ್ಟ, ಟೈರ್ ತಯಾರಾದ ವಾರ ವರ್ಷ ಪಕ್ಕದಲ್ಲೇ ಬರೆದಿರುತ್ತಲ್ಲ ಅದನ್ನ ತೋರಿಸಿದ, ಒಪ್ಪಿದ್ವಿ.

ಅರ್ಧ ಸ್ಟಾರ್ ಯಾಕೆ ಹಿಡ್ಕೊಂಡೆ ಅಂದ್ರೆ ಕ್ಲಬ್ಬಲ್ಲಿ ಜನ ಕಮ್ಮಿ, ಕಾಯೋ ತಾಳ್ಮೆ ಬೇಕು, ಅರ್ಜೆಂಟ್ ದುಡ್ಡು ಬೇಕಾದೋರಿಗೆ ಇದು ಆಗಲ್ಲ. ಜಾಹೀರಾತು ಹಾಕೋ ಪುಟನೂ ಶಿಲಾಯುಗದ್ದು, ಫೋಟೋ ತಿರುಗಿಸಿ ಹಾಕೋ ಹೊತ್ತಿಗೆ ಸುಸ್ತಾಗುತ್ತೆ.

ಅರ್ಧಕ್ಕೆ ನಿಂತ ಕಿಟ್ ಮಾರೋರಿಗೆ ಈ ಮೂರರಲ್ಲಿ ಕ್ಲಬ್ ಒಂದೇ ದಾರಿ. ತೊಂಬತ್ತು ಭಾಗ ಮುಗಿದಿದೆ ಅನ್ನೋ ಜಾಹೀರಾತು ನೋಡಿದ್ರೆ ತಿಳಿದೋರು ನಗ್ತಾರೆ, ಯಾಕಂದ್ರೆ ಉಳಿದ ಹತ್ತರಲ್ಲೇ ವೈರಿಂಗು, ಐವಿಎ, ರಿಜಿಸ್ಟ್ರೇಷನ್ನು ಎಲ್ಲಾ ಇರೋದು. ಮುಗಿಯದ ಪ್ರಾಜೆಕ್ಟಿಗೆ ಎಂಜಿನ್, ಗೇರ್‌ಬಾಕ್ಸ್, ಚಕ್ರ, ಸೀಟು ಬೇರೆ ಬೇರೆ ಮಾರಿದ್ರೇ ಜಾಸ್ತಿ ಬರೋ ಸಂದರ್ಭನೂ ಇದೆ, ಮೊದಲು ಆ ಲೆಕ್ಕ ಹಾಕಿ. ಆದ್ರೆ ಚಾಸಿ ಮತ್ತೆ ಅದರ ಕಾಗದನ ಮಾತ್ರ ಯಾವತ್ತೂ ಬೇರೆ ಬೇರೆ ಮಾಡ್ಬೇಡಿ.

ದುಡ್ಡು ಕೈ ಬದಲಾಗೋ ದಿನದ ವಿಷ್ಯ. ಬ್ರಿಟನ್‌ನಲ್ಲಿ ಖಾಸಗಿಯಾಗಿ ಮಾರಿದ್ರೆ ಡೀಲರ್‌ಗೆ ಇರೋಷ್ಟು ಜವಾಬ್ದಾರಿ ನಿಮಗಿಲ್ಲ, ಆದ್ರೂ ನೀವು ವಿವರಿಸಿದ ಹಾಗೇ ಗಾಡಿ ಇರಬೇಕು, ಮತ್ತೆ ರೋಡಿಗೆ ಇಳಿಸೋಕೆ ಯೋಗ್ಯ ಇಲ್ಲದ ಗಾಡಿ ಮಾರೋದು 1988ರ ರೋಡ್ ಟ್ರಾಫಿಕ್ ಆಕ್ಟ್ ಪ್ರಕಾರ ಅಪರಾಧನೇ, ಮನೇಲಿ ಕಟ್ಟಿದ್ದು ಅನ್ನೋದು ಅದಕ್ಕೆ ನೆಪ ಆಗಲ್ಲ. ನಾವು ರಸೀದಿಲಿ ಇದು ಹವ್ಯಾಸಕ್ಕೆ ಜೋಡಿಸಿದ ಕಿಟ್ ಕಾರು, ಐವಿಎ ಆದ್ಮೇಲೆ ಬದಲಾಯಿಸಿದ್ದು ಇವಿಷ್ಟು ಅಂತ ಪಟ್ಟಿ ಬರೆದು ಇಬ್ಬರೂ ಸಹಿ ಹಾಕಿದ್ವಿ. ಟೆಸ್ಟ್ ಡ್ರೈವ್ ಕೊಡೋ ಮುಂಚೆ ಅವನ ಇನ್ಶೂರೆನ್ಸ್ ಈ ಗಾಡಿಗೆ ಅನ್ವಯ ಆಗುತ್ತಾ ಅಂತ ನೋಡಿದ್ವಿ, ಬೇರೆಯವರ ಕಾರ್ ಓಡಿಸಬಹುದು ಅನ್ನೋ ಪಾಲಿಸಿ ಸಾಲನ್ನ ನಂಬ್ಕೊಂಡು ಕೂರ್ಬೇಡಿ. ಬ್ಯಾಂಕಲ್ಲಿ ದುಡ್ಡು ಬಿದ್ದಿದ್ದು ಖಾತ್ರಿ ಆದ್ಮೇಲೆ ಲಾಗ್‌ಬುಕ್ (ಅಲ್ಲಿನ ರಿಜಿಸ್ಟ್ರೇಷನ್ ಕಾಗದ) ಅವನ ಹೆಸರಿಗೆ ಬದಲಾಯಿಸಿ, ಎರಡೂ ಫೈಲು, ಮಿಕ್ಕ ಸ್ಪೇರ್ ಡಬ್ಬ, ಆ ಹಳದಿ ಪೇಂಟ್ ಪೆನ್ನು ಸೇರಿಸಿ ಕೊಟ್ವಿ. ಭಾವ ಆಮೇಲೆ ಕೇಳಿದ್ದು ಒಂದೇ, ಆ ಡೀಲರ್‌ಗೆ ಒಂದು ಸ್ಟಾರ್ ಸಾಕಾಗಿತ್ತು, ನೀನ್ಯಾಕೆ ಎರಡು ಕೊಟ್ಟೆ.